ನಿಂತ ಚುಕ್ಕೆ

2019ರ ಮಾರ್ಚ್ 11, ಸೋಮವಾರ. ಆಗ ನಾನು ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದೆ. ಆಫೀಸಿನಲ್ಲಿ ಒಂದು ಪರದೆಯ ಮೇಲೆ ಕೆಲಸ, ಇನ್ನೊಂದರ ಮೂಲೆಯಲ್ಲಿ ಅಲಾಸ್ಕಾದ ನಕ್ಷೆ. ನಕ್ಷೆಯ ಮೇಲೆ ಒಂದು ಚುಕ್ಕೆ. ಅದು ನಿಕೋಲಸ್ ಪೆಟಿ ಅವರ ಸ್ಲೆಡ್, ಹಿಮದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿ. ಇಡಿಟರಾಡ್ ರೇಸಿನಲ್ಲಿ ಅವರೇ ಎಲ್ಲರಿಗಿಂತ ಮುಂದೆ, ಹಿಂದಿನವರಿಗೂ ಅವರಿಗೂ ಗಂಟೆಗಟ್ಟಲೆ ಅಂತರ. ಶಕ್ತೂಲಿಕ್ ಅನ್ನುವ ಹಳ್ಳಿ ಬಿಟ್ಟು, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕೋಯುಕ್ ಕಡೆಗೆ ಹೊರಟಿದ್ದರು. ನಡುದಾರಿಯಲ್ಲಿ ಚುಕ್ಕೆ ನಿಂತಿತು.

ಸುಮ್ನೆ ತಿಂಡಿ ಕೊಡುವುದಕ್ಕೆ ನಿಲ್ಲಿಸಿರಬೇಕು ಅಂದುಕೊಂಡೆ. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಹಿಂದಿನ ವರ್ಷ, 2018ರಲ್ಲಿ, ಇದೇ ದಾರಿಯಲ್ಲಿ ಇದೇ ಮನುಷ್ಯ ಮುಂದಿದ್ದಾಗಲೇ ಬಿರುಗಾಳಿಯಲ್ಲಿ ದಾರಿ ತಪ್ಪಿ ಮೊದಲ ಸ್ಥಾನ ಕಳೆದುಕೊಂಡಿದ್ದರು. ಈ ಸಲವೂ ಹಾಗೇ ಆಗದಿರಲಪ್ಪ ಅಂತ ಬೇಡಿಕೊಳ್ಳುತ್ತಾ ಕೂತೆ. ಮೀಟಿಂಗ್‌ನಲ್ಲಿ ಯಾರು ಏನು ಹೇಳಿದರೋ ಒಂದೂ ನೆನಪಿಲ್ಲ. ಹಿಂದಿದ್ದ ಪೀಟ್ ಕೈಸರ್, ಯೋರ್ ಲೀಫ್ಸೆತ್ ಉಲ್ಸಮ್ ಇಬ್ಬರ ಚುಕ್ಕೆಗಳು ಬಂದವು, ನಿಂತ ಚುಕ್ಕೆಯನ್ನು ದಾಟಿ ಹೋದವು.

ಆಮೇಲೆ ತಿಳಿಯಿತು. ನಾಯಿಗಳಿಗೆ ಪೆಟ್ಟಾಗಿರಲಿಲ್ಲ, ಹೊಟ್ಟೆಗೆ ಕಡಿಮೆಯಾಗಿರಲಿಲ್ಲ. ತಂಡದ ಒಂದು ನಾಯಿ ಚಿಕ್ಕ ನಾಯಿಯ ಮೇಲೆ ಎರಗಿತ್ತು. ಪೆಟಿ ಅದಕ್ಕೆ ಜೋರಾಗಿ ಗದರಿದ್ದರು. ಬೈದಿದ್ದು ಒಂದಕ್ಕೆ, ಮನಸ್ಸು ಮುರಿದುಕೊಂಡಿದ್ದು ಇಡೀ ತಂಡ. ಎಲ್ಲವೂ ಹಿಮದ ಮೇಲೆ ಮಲಗಿಬಿಟ್ಟವು. ಏಳಲೇ ಇಲ್ಲ. ಕೊನೆಗೆ ಅವರು ರೇಸ್ ಬಿಟ್ಟುಕೊಟ್ಟರು, ಅವರನ್ನೂ ನಾಯಿಗಳನ್ನೂ ಸ್ನೋಮೊಬೈಲ್‌ಗಳಲ್ಲಿ ಶಕ್ತೂಲಿಕ್‌ಗೆ ವಾಪಸ್ ಕರೆತಂದರು.

ಅವತ್ತು ರಾತ್ರಿ ನಾನು ಅತ್ತಿದ್ದೇನೆ. ಪೆಟಿ ಸೋತರು ಅಂತ ಅಲ್ಲ. 1,200 ಕಿಲೋಮೀಟರಿಗೂ ಜಾಸ್ತಿ ಓಡಿ ಬಂದ ನಾಯಿಗಳು 'ಇನ್ನು ಸಾಕು' ಅಂದಾಗ, ಆ ಬಯಲಲ್ಲಿ ಮನುಷ್ಯ ಮಾಡಬಹುದಾದ್ದು ಅವುಗಳ ಪಕ್ಕ ಕೂತಿರುವುದು ಮಾತ್ರ ಅಲ್ವಾ. ಈ ರೇಸ್ ನನ್ನನ್ನು ಪೂರ್ತಿ ಹಿಡಿದುಕೊಂಡಿದ್ದು ಆ ದಿನವೇ. ಈಗ ಮೈಸೂರಿನಲ್ಲಿದ್ದೇನೆ. ಆದರೂ ಮಾರ್ಚ್ ಬಂತೆಂದರೆ ನನ್ನ ಗಡಿಯಾರ ಅಲಾಸ್ಕಾದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. ಇಡಿಟರಾಡ್ ಅಂದರೆ ನಾಯಿಗಳು ಎಳೆಯುವ ಸ್ಲೆಡ್‌ಗಳ ರೇಸ್. ಆಂಕರೇಜ್‌ನಿಂದ ಬೇರಿಂಗ್ ಸಮುದ್ರದ ದಡದ ನೋಮ್ ಊರಿನವರೆಗೆ, ಸುಮಾರು 1,600 ಕಿಲೋಮೀಟರ್. ಪ್ರತಿ ವರ್ಷ ಮಾರ್ಚ್ ಮೊದಲ ಶನಿವಾರ ಶುರು. ಒಬ್ಬ ಮನುಷ್ಯ, ಹನ್ನೆರಡರಿಂದ ಹದಿನಾರು ನಾಯಿ, ಒಂದು ಸ್ಲೆಡ್. ಸ್ಲೆಡ್ ಓಡಿಸುವವರನ್ನು ಮಶರ್ ಅನ್ನುತ್ತಾರೆ. ಬೆಟ್ಟ ಹತ್ತಿ ಇಳಿದು, ಕಾಡು ದಾಟಿ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಓಡಿ, ಆಮೇಲೆ ಸಮುದ್ರದ ಅಂಚು ಹಿಡಿದು ನೋಮ್. ಸಮ ಸಂಖ್ಯೆಯ ವರ್ಷ ಉತ್ತರದ ದಾರಿ, ಬೆಸ ಸಂಖ್ಯೆಯ ವರ್ಷ ದಕ್ಷಿಣದ ದಾರಿ. ಎಲ್ಲಾ ವರ್ಷವೂ ಒಂದೇ ಹಳ್ಳಿಗಳ ಮೇಲೆ ಹೊರೆ ಬೀಳಬಾರದು ಅಂತ.

1925ರಲ್ಲಿ ನೋಮ್‌ನಲ್ಲಿ ಮಕ್ಕಳಿಗೆ ಗಂಟಲಮಾರಿ ಬಂದಾಗ 20 ಮಶರ್‌ಗಳು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ನಾಯಿಗಳ ಮೇಲೆ ಔಷಧಿ ತಂದ ಕಥೆ ಹಲವರು ಕೇಳಿರಬಹುದು. ಬಾಲ್ಟೋ ನಾಯಿಯ ಹೆಸರು ಎಲ್ಲರಿಗೂ ಗೊತ್ತು. ಯಾಕೆಂದರೆ ಕೊನೆಯ ಸರದಿಯಲ್ಲಿ ಊರೊಳಗೆ ಬಂದಿದ್ದು ಅದು. ಆದರೆ ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ಅಪಾಯದ ಸರದಿ ಓಡಿದ್ದು ಲೆನಾರ್ಡ್ ಸೆಪ್ಪಾಲ ಅವರ ಟೋಗೋ. ಆಗ ಅದಕ್ಕೆ 12 ವರ್ಷ. ನಾಯಿಗೆ ಅದು ಮುದಿ ವಯಸ್ಸು. ಟೋಗೋ ಹೆಸರು ಹೇಳದೆ ಯಾರಾದರೂ ಈ ಕಥೆ ಹೇಳಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆದರೆ ರೇಸ್ ಶುರುವಾಗಿದ್ದು ಬರೀ ಆ ನೆನಪಿಗಾಗಿ ಅಲ್ಲ. 1960ರ ದಶಕದಲ್ಲಿ ಅಲಾಸ್ಕಾದ ಹಳ್ಳಿಗಳಿಗೆ ಸ್ನೋಮೊಬೈಲ್ ಬಂತು, ಮನೆಮನೆಯ ಅಂಗಳದಿಂದ ನಾಯಿಗಳು ಕಾಣೆಯಾಗತೊಡಗಿದವು. ಜೋ ರೆಡಿಂಗ್ಟನ್ ಅನ್ನುವವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಹಳ್ಳಿಗಳಿಗೆ ನಾಯಿಗಳು ಮತ್ತೆ ಬರಬೇಕು ಅಂತ ಅವರೂ ಇನ್ನು ಕೆಲವರೂ ಸೇರಿ 1973ರಲ್ಲಿ ನೋಮ್‌ವರೆಗಿನ ಮೊದಲ ರೇಸ್ ನಡೆಸಿದರು. ಗೆದ್ದ ಡಿಕ್ ವಿಲ್ಮಾರ್ತ್ ಅವರಿಗೆ 20 ದಿನ ಹಿಡಿಯಿತು. ಈಗ ಮುಂದಿನವರು ಒಂಬತ್ತು ಹತ್ತು ದಿನದಲ್ಲಿ ಮುಗಿಸುತ್ತಾರೆ. ಜೋ ರೆಡಿಂಗ್ಟನ್ ತಮ್ಮ ರೇಸನ್ನು ತಾವು ಒಮ್ಮೆಯೂ ಗೆಲ್ಲಲಿಲ್ಲ. 2023ರಲ್ಲಿ ಅವರ ಮೊಮ್ಮಗ ರಯಾನ್ ಗೆದ್ದರು. ಆಗ ಇಲ್ಲಿ ನಡುರಾತ್ರಿ ದಾಟಿತ್ತು. ಎಲ್ಲರೂ ಮಲಗಿದ್ದ ಮನೆಯಲ್ಲಿ ನಾನೊಬ್ಬಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿದೆ.

2019ರ ಆರಂಭವನ್ನು ಕಣ್ಣಾರೆ ನೋಡಲು ಆಂಕರೇಜ್‌ಗೆ ಹೋಗಿದ್ದೆ. ಶನಿವಾರದ್ದು ಊರಿನವರಿಗಾಗಿ ಮಾಡುವ ಮೆರವಣಿಗೆ ಥರ. ನಿಜವಾದ ರೇಸ್ ಶುರುವಾಗುವುದು ಮರುದಿನ, ವಿಲೋ ಅನ್ನುವ ಊರಿನಿಂದ. ಆದರೂ ಶನಿವಾರ ಬಿಡಬಾರದು. ನಾಲ್ಕನೇ ಅವೆನ್ಯೂ ರಸ್ತೆಗೆ ಲಾರಿಗಳಲ್ಲಿ ಹಿಮ ತಂದು ಸುರಿದು ಹರಡುತ್ತಾರೆ. ಆವತ್ತು 52 ತಂಡಗಳು. ಇಡೀ ರಸ್ತೆ ನಾಯಿಗಳ ಬೊಗಳಾಟ. ಬೊಗಳಾಟ ಅಂದರೆ ನಮ್ಮ ಬೀದಿಯಲ್ಲಿ ಕೇಳುವ ಥರದ್ದಲ್ಲ. ಕಿರುಚುತ್ತವೆ, ಊಳಿಡುತ್ತವೆ, ನಾಲ್ಕೂ ಕಾಲೆತ್ತಿ ನೆಗೆಯುತ್ತವೆ, ಹಗ್ಗವನ್ನೇ ಕಚ್ಚಿ ಎಳೆಯುತ್ತವೆ. ಒಂದೊಂದನ್ನೂ ಹಿಡಿದುಕೊಳ್ಳುವುದಕ್ಕೆ ಜನ ಬೇಕು. ನಾನು ಅಂದುಕೊಂಡಿದ್ದಕ್ಕಿಂತ ತೀರಾ ಸಣ್ಣ ನಾಯಿಗಳು. ದಪ್ಪ ಕೂದಲಿನ ಚಂದದ ನಾಯಿಗಳಲ್ಲ, ಅಲಾಸ್ಕನ್ ಹಸ್ಕಿ ಅನ್ನುವ ಬೆರಕೆ ತಳಿ. 20-25 ಕಿಲೋ ಇದ್ದರೆ ಹೆಚ್ಚು. ಉದ್ದ ಕಾಲು, ಒಣಕಲು ಮೈ.

ಎಣಿಕೆ ಶುರುವಾಗುತ್ತದೆ. ಐದು, ನಾಲ್ಕು, ಮೂರು. ಹಿಡಿದವರು ಪಕ್ಕಕ್ಕೆ ಸರಿಯುತ್ತಾರೆ. ಸ್ಲೆಡ್ ಅಲುಗಿದ ಆ ಕ್ಷಣಕ್ಕೆ ಬೊಗಳುವುದು ನಿಂತುಹೋಗುತ್ತದೆ. ಪೂರ್ತಿ ಮೌನ. ಅಷ್ಟು ಗದ್ದಲ ಮಾಡುತ್ತಿದ್ದ ನಾಯಿಗಳು ಇವೇನಾ ಅನ್ನಿಸುವಷ್ಟು. ಹಿಮದ ಮೇಲೆ ಸ್ಲೆಡ್ ಜಾರುವ ಸದ್ದು, ನಾಯಿಗಳ ಉಸಿರು, ಅಷ್ಟೇ. ಎಷ್ಟು ವೀಡಿಯೋ ನೋಡಿದರೂ ಈ ಮೌನ ಸಿಗುವುದಿಲ್ಲ, ಸುತ್ತ ಜನರ ಕೂಗು ಅದನ್ನು ನುಂಗಿಹಾಕುತ್ತದೆ. ನಾನು ಬೇಲಿಯ ಪಕ್ಕದಲ್ಲೇ ನಿಂತಿದ್ದರಿಂದ ಕೇಳಿಸಿತು.

ಎಲ್ಲಾ ಹೋದಮೇಲೆ ರಸ್ತೆಯ ಹಿಮದಲ್ಲಿ ಒಂದು ಬೂಟಿ ಬಿದ್ದಿತ್ತು. ನಾಯಿಯ ಕಾಲಿಗೆ ಹಾಕುವ ಚೀಲ. ಹಿಮದ ಹರಳು ಬೆರಳ ಸಂದಿಯಲ್ಲಿ ಸೇರಿಕೊಂಡು ಗಾಯವಾಗಬಾರದು ಅಂತ ನಾಲ್ಕೂ ಕಾಲಿಗೆ ಹಾಕುತ್ತಾರೆ. ಬಿದ್ದಿದ್ದನ್ನು ಅಭಿಮಾನಿಗಳು ಎತ್ತಿಟ್ಟುಕೊಳ್ಳುವುದು ಅಲ್ಲಿ ಮಾಮೂಲಿ. ನಾನೂ ಎತ್ತಿಕೊಂಡೆ. ಕಡುಗುಲಾಬಿ ಬಣ್ಣ, ಶಾಲೆಯ ಬ್ಯಾಗಿನ ಬಟ್ಟೆಯಂಥ ಗಟ್ಟಿ ಬಟ್ಟೆ, ಮೇಲೆ ಬಿಗಿಯಲು ಒಂದು ವೆಲ್ಕ್ರೋ ಪಟ್ಟಿ. ನನ್ನ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ಉಗುರು ತಾಗುವ ಕಡೆ ಬಟ್ಟೆ ಸವೆದು ನೂಲು ಎದ್ದಿದೆ. ಮೈಸೂರಿಗೆ ತಂದಾಗ ಅಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಯಾರ ಮಗುವಿನ ಕಾಲುಚೀಲವೇ ಇದು?" ಅಂದರು. ನಾಯಿದು ಅಂದೆ. "ಎಷ್ಟು ದೂರ ಓಡುತ್ತಂತೆ?" ಅಂದರು. ಮೈಸೂರಿನಿಂದ ಬೀದರ್‌ಗೆ ಹೋಗಿ ವಾಪಸ್ ಬಂದಷ್ಟು ಅಂದೆ. ಅಮ್ಮ ಆ ಬೂಟಿಯನ್ನು ಸೀದಾ ತಗೊಂಡು ಹೋಗಿ ಶೋಕೇಸಿನಲ್ಲಿ ಅಪ್ಪನ ಕನ್ನಡಕದ ಪಕ್ಕ ಇಟ್ಟರು. ಈಗಲೂ ಅಲ್ಲೇ ಇದೆ.

ಒಬ್ಬ ಮಶರ್ ತನ್ನ ತಂಡದ ಒಂದೊಂದು ನಾಯಿಗೂ ಕನಿಷ್ಠ ಎಂಟು ಬೂಟಿ ಇಟ್ಟುಕೊಂಡಿರಬೇಕು ಅನ್ನುವುದು ನಿಯಮ. 14 ನಾಯಿ ಅಂದರೆ 56 ಕಾಲು. ತಂಡ ನಿಂತಾಗ ಬಿಚ್ಚಬೇಕು, ಹೊರಡುವಾಗ ಮತ್ತೆ ಹಾಕಬೇಕು, ಸವೆದವನ್ನು ಬದಲಾಯಿಸಬೇಕು. ದಪ್ಪ ಕೈಗವಸು ಹಾಕಿಕೊಂಡು ಆ ಪಟ್ಟಿ ಬಿಗಿಯಲು ಆಗುವುದಿಲ್ಲ. ಮೈನಸ್ 30ರ ಚಳಿಯಲ್ಲಿ ಬರಿಗೈ. ಮಶರ್‌ಗಳ ಬೆರಳ ತುದಿ ಒಡೆದು ಕಪ್ಪಾಗಿರುವುದನ್ನು ಫೋಟೋಗಳಲ್ಲಿ ನೋಡಿದಾಗೆಲ್ಲ ಶೋಕೇಸಿನ ಆ ಬೂಟಿ ಕಡೆ ಕಣ್ಣು ಹೋಗುತ್ತದೆ.

ಹೊಸಬರು ಟ್ರ್ಯಾಕರ್, ಅಂದರೆ ಚುಕ್ಕೆಗಳ ಆ ನಕ್ಷೆ, ತೆರೆದಾಗ ಓಡುವ ಚುಕ್ಕೆಗಳನ್ನೇ ನೋಡುತ್ತಾರೆ. ಯಾರು ಮುಂದೆ, ಯಾರ ವೇಗ ಜಾಸ್ತಿ. ನಾನೂ ಹಾಗೇ ಮಾಡುತ್ತಿದ್ದೆ. ಕೆಲವು ವರ್ಷ ಹಿಂಬಾಲಿಸಿದ ಮೇಲೆ ಕಣ್ಣು ನಿಂತ ಚುಕ್ಕೆಗಳ ಮೇಲೇ ಹೋಗುತ್ತದೆ. ಮುಂದಿದ್ದವನು ಇನ್ನೂ 24 ಗಂಟೆಯ ಕಡ್ಡಾಯ ವಿಶ್ರಾಂತಿ ತೆಗೆದುಕೊಂಡಿರದಿದ್ದರೆ ಅವನು ಮುಂದೆ ಇದ್ದಾನೆ ಅನ್ನುವುದಕ್ಕೆ ಅರ್ಥವೇ ಇಲ್ಲ. ದಾರಿಯಲ್ಲಿ ಎಲ್ಲಾದರೂ ಒಂದು 24 ಗಂಟೆ, ಯೂಕಾನ್ ನದಿಯ ಮೇಲೆ ಒಂದು 8 ಗಂಟೆ, ನೋಮ್‌ಗೆ ಸುಮಾರು 124 ಕಿಲೋಮೀಟರ್ ಇರುವಾಗ ವೈಟ್ ಮೌಂಟನ್‌ನಲ್ಲಿ ಇನ್ನೊಂದು 8 ಗಂಟೆ. ಇಷ್ಟು ಎಲ್ಲರಿಗೂ ಕಡ್ಡಾಯ. ಇದರ ಮೇಲೆ ಯಾರು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದೇ ರೇಸ್. ಇವತ್ತು ಒಂದು ಗಂಟೆ ಜಾಸ್ತಿ ಮಲಗಿದ ನಾಯಿ ಮೂರು ದಿನದ ನಂತರ ಸಮುದ್ರದ ದಡದಲ್ಲಿ ಆ ಒಂದು ಗಂಟೆಯನ್ನು ವಾಪಸ್ ಕೊಡುತ್ತದೆ.

ಇನ್ನು, ನಿಂತ ಚುಕ್ಕೆ ಅಂದರೆ ಮನುಷ್ಯ ಸುಮ್ಮನೆ ಕೂತಿದ್ದಾನೆ ಅಂತಲ್ಲ. ಸ್ಲೆಡ್ ನಿಂತ ಕೂಡಲೇ ಮೊದಲು ನಾಯಿಗಳಿಗೆ ಹುಲ್ಲು ಹಾಸಬೇಕು. ಬೂಟಿ ಬಿಚ್ಚಬೇಕು. ಒಲೆ ಹಚ್ಚಿ ಹಿಮ ಕರಗಿಸಿ ನೀರು ಕಾಯಿಸಬೇಕು, ಅದಕ್ಕೆ ಮಾಂಸ, ಕೊಬ್ಬು, ಮೀನು ಸೇರಿಸಿ ಎಲ್ಲಕ್ಕೂ ಹಂಚಬೇಕು. ಓಟದ ದಿನ ಒಂದು ನಾಯಿಗೆ 10,000 ಕ್ಯಾಲೊರಿ ಬೇಕು. ಆಮೇಲೆ ಒಂದೊಂದು ಕಾಲನ್ನೂ ಕೈಯಲ್ಲಿ ಹಿಡಿದು ನೋಡಿ ಮುಲಾಮು ಹಚ್ಚಬೇಕು, ಮಣಿಕಟ್ಟು ಒತ್ತಬೇಕು. ಪಶುವೈದ್ಯರು ಬಂದು ಎದೆಬಡಿತ ನೋಡುತ್ತಾರೆ. ಇಷ್ಟೆಲ್ಲಾ ಮುಗಿಯುವಾಗ ನಾಯಿಗಳು ಸುರುಳಿ ಸುತ್ತಿಕೊಂಡು ಬಾಲದಲ್ಲಿ ಮೂಗು ಮುಚ್ಚಿ ಮಲಗಿರುತ್ತವೆ. ಮನುಷ್ಯನಿಗೆ ಸಿಗುವುದು ಒಂದೂವರೆ ಗಂಟೆ ನಿದ್ದೆ, ಕೆಲವು ಸಲ ಅದೂ ಇಲ್ಲ. ನಮ್ಮ ಅಜ್ಜ ಗದ್ದೆಯಿಂದ ಬಂದರೆ ಎತ್ತುಗಳಿಗೆ ಕಲಗಚ್ಚು ಇಟ್ಟು, ಹುಲ್ಲು ಹಾಕಿ, ಮೈ ಸವರಿ, ಆಮೇಲೇ ತಾವು ಕಾಲು ತೊಳೆಯುತ್ತಿದ್ದರು. ಅಮ್ಮನಿಗೆ ಈ ರೇಸ್ ಅರ್ಥವಾಗಿದ್ದು ನಾನು ನಕ್ಷೆ ತೋರಿಸಿದಾಗಲ್ಲ, ಇದನ್ನು ಹೇಳಿದಾಗ.

ನಿಲ್ಲುವುದು ಹೊರಡುವುದರ ಲೆಕ್ಕ ಎಷ್ಟು ಕ್ರೂರ ಅನ್ನುವುದಕ್ಕೆ 2014ರ ಕೊನೆಯ ರಾತ್ರಿ ನೋಡಬೇಕು. ಆಗ ನನಗೆ ಈ ರೇಸಿನ ಗಂಧವೂ ಇರಲಿಲ್ಲ, ಆಮೇಲೆ ಹುಡುಕಿ ಹುಡುಕಿ ಓದಿದ್ದೇನೆ. ಮುಂದೆ ಜೆಫ್ ಕಿಂಗ್, ಹಿಂದೆ ಆಲೀ ಜರ್ಕಲ್, ಅವರ ಹಿಂದೆ ಡಾಲಸ್ ಸೀವಿ. ನೋಮ್‌ಗೆ ಮುಂಚೆ ಕೊನೆಯ ತಂಗುದಾಣ ಸೇಫ್ಟಿ. ಹೆಸರೇ ಸೇಫ್ಟಿ, ಆದರೆ ಅದರ ಹತ್ತಿರದ ದಡದಲ್ಲಿ ಗಾಳಿ ಸ್ಲೆಡ್ಡನ್ನೇ ಎತ್ತಿ ಒಗೆಯುತ್ತದೆ. ಕಿಂಗ್ ಆ ಗಾಳಿಗೆ ಸಿಕ್ಕಿ ಮುಂದೆ ಹೋಗಲಾಗದೆ ರೇಸ್ ಬಿಟ್ಟರು. ಜರ್ಕಲ್ ಸೇಫ್ಟಿಗೆ ಬಂದು, ಈ ಗಾಳಿಯಲ್ಲಿ ನಾಯಿಗಳನ್ನು ಕರೆದೊಯ್ಯುವುದು ಬೇಡ ಅಂತ ಎರಡೂವರೆ ಗಂಟೆ ಕಾದರು. ಸೀವಿ ನಿಲ್ಲಲಿಲ್ಲ, ಹಾಗೇ ಹೊರಟುಹೋದರು. ಅವರು ಹೋಗಿದ್ದು ನೋಡಿ ಜರ್ಕಲ್ ಬೆನ್ನಟ್ಟಿದರು. ನೋಮ್ ತಲುಪಿದಾಗ ಸೀವಿ ತಾನು ಮೂರನೆಯವನು ಅಂದುಕೊಂಡಿದ್ದರು, ಗೆದ್ದಿದ್ದೀರಿ ಅಂತ ಜನ ಹೇಳಬೇಕಾಯಿತು. ಜರ್ಕಲ್ ಬಂದಿದ್ದು 2 ನಿಮಿಷ 22 ಸೆಕೆಂಡ್ ತಡವಾಗಿ. ಅವರಿಗೆ ಎರಡನೇ ಸ್ಥಾನ ಬಂದಿದ್ದು ಅದು ಸತತ ಮೂರನೇ ಸಲ.

ಜರ್ಕಲ್ ಮಾಡಿದ್ದು ತಪ್ಪು ಅಂತ ಬರೆಯುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಗಾಳಿಯಲ್ಲಿ ಬಾಗಿಲ ಒಳಗೆ ಇರೋಣ ಅಂದುಕೊಂಡಿದ್ದು ನಾಯಿಗಳಿಗೋಸ್ಕರ. ಹಾಗಂತ ಹೊರಟವರೆಲ್ಲ ನಾಯಿಗಳ ಯೋಚನೆ ಇಲ್ಲದವರು ಅಂತಲೂ ಅಲ್ಲ. 1985ರಲ್ಲಿ ಲಿಬಿ ರಿಡಲ್ಸ್ ಇದೇ ಶಕ್ತೂಲಿಕ್‌ನಿಂದ ಬಿರುಗಾಳಿಯೊಳಕ್ಕೆ ಹೊರಟರು, ಉಳಿದವರು ಹೋಗಲು ಹಿಂಜರಿಯುತ್ತಿದ್ದಾಗ. ರಾತ್ರಿ ಮುಂದೆ ಏನೂ ಕಾಣದೆ, ಆ ಹಿಮದ ಬಯಲಲ್ಲೇ ಸ್ಲೆಡ್ಡಿನೊಳಗೆ ಮುದುಡಿಕೊಂಡು ಬೆಳಗು ಮಾಡಿದರು. ಈ ರೇಸ್ ಗೆದ್ದ ಮೊದಲ ಹೆಂಗಸು ಅವರೇ. ಮರುವರ್ಷದಿಂದ ಸೂಸನ್ ಬುಚರ್ ಸತತ ಮೂರು ಸಲ ಗೆದ್ದರು, 1990ರಲ್ಲಿ ಇನ್ನೊಮ್ಮೆ. ಹೆಂಗಸರಿಗೆ ಬೇರೆ ವಿಭಾಗ, ಬೇರೆ ದಾರಿ, ಬೇರೆ ಬಹುಮಾನ ಯಾವುದೂ ಇಲ್ಲ ಇಲ್ಲಿ. ನನಗೆ ಇದು ಬಹಳ ದೊಡ್ಡ ವಿಷಯ.

ಒಂದು ಮಾತು ಬರೆಯದೆ ಹೋದರೆ ತಪ್ಪಾಗುತ್ತದೆ. ಈ ರೇಸಿನಲ್ಲಿ ನಾಯಿಗಳು ಸತ್ತಿವೆ. 2024ರಲ್ಲಿ ಮೂರು ಸತ್ತವು. ಸುದ್ದಿ ಓದಿದ ದಿನ ಟ್ರ್ಯಾಕರ್ ಮುಚ್ಚಿಟ್ಟೆ. ಮಾರನೇ ದಿನ ಮತ್ತೆ ತೆರೆದೆ. ರೇಸನ್ನೇ ನಿಲ್ಲಿಸಿ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅವರೂ ನಾಯಿಗಳ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಪ್ರತಿ ತಂಗುದಾಣದಲ್ಲೂ ಪಶುವೈದ್ಯರಿದ್ದಾರೆ, ಸುಸ್ತಾದ ನಾಯಿಯನ್ನು ಅಲ್ಲೇ ಬಿಟ್ಟರೆ ಸಣ್ಣ ವಿಮಾನದಲ್ಲಿ ವಾಪಸ್ ಕರೆದೊಯ್ಯುತ್ತಾರೆ, ಕೊನೆಗೆ ಐದು ನಾಯಿ ನೋಮ್ ಮುಟ್ಟಿದರೂ ಸಾಕು. ಇದೆಲ್ಲ ಗೊತ್ತು. ಆದರೂ ಸತ್ತ ಮೂರಕ್ಕೆ ಇದು ಉತ್ತರ ಆಗುವುದಿಲ್ಲ. ಆಂಕರೇಜ್‌ನಲ್ಲಿ ಹೊರಡುವುದಕ್ಕೆ ಹಾತೊರೆದು ಕಿರುಚುತ್ತಿದ್ದ ನಾಯಿಗಳನ್ನೂ ನೋಡಿದ್ದೇನೆ, ಅದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುತ್ತೇನೆ.

ಅದೇ 2024ರಲ್ಲಿ ಡಾಲಸ್ ಸೀವಿ ಗೆದ್ದರು, ಆರನೇ ಸಲ. ಅಷ್ಟು ಸಲ ಬೇರೆ ಯಾರೂ ಗೆದ್ದಿರಲಿಲ್ಲ. ಮೊದಲ ರಾತ್ರಿಯೇ ದಾರಿಗೆ ಮೂಸ್ ಅಡ್ಡ ಬಂದು ತಂಡದ ಮೇಲೆ ಎರಗಿತ್ತು. ಮೂಸ್ ಅಂದರೆ ನಮ್ಮ ಕಡವೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ಅವರು ಅದನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಫಲೂ ಅನ್ನುವ ನಾಯಿಗೆ ಬಲವಾದ ಪೆಟ್ಟು. ಅದನ್ನು ವಿಮಾನದಲ್ಲಿ ಆಂಕರೇಜ್‌ಗೆ ಕಳಿಸಿ ಆಪರೇಷನ್ ಮಾಡಿಸಿದರು, ಬದುಕಿತು. ಹಾಗೆ ಕೊಂದ ಪ್ರಾಣಿಯ ಮಾಂಸ ಕೆಡದ ಹಾಗೆ ಕರುಳು ತೆಗೆದಿಟ್ಟು ಹೋಗಬೇಕು ಅನ್ನುವ ನಿಯಮ ಇದೆ. ಅದನ್ನು ಸರಿಯಾಗಿ ಮಾಡಲಿಲ್ಲ ಅಂತ ಅವರಿಗೆ ಎರಡು ಗಂಟೆ ದಂಡ ಬಿತ್ತು. ಇಷ್ಟಾದ ಮೇಲೂ ನಮ್ಮ ಬುಧವಾರ ಬೆಳಿಗ್ಗೆ ಏಳು ಗಂಟೆಯ ಒಳಗೆ ಅವರು ನೋಮ್‌ನಲ್ಲಿ ರೇಸ್ ಮುಗಿಯುವ ಕಮಾನಿನ ಕೆಳಗಿದ್ದರು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ನನ್ನ ಫೋನಿನಲ್ಲಿ ನೋಮ್‌ನ ಸೈರನ್. ಪ್ರತಿ ತಂಡ ಊರ ಹತ್ತಿರ ಬಂದಾಗಲೂ ಆ ಸೈರನ್ ಹಾಕುತ್ತಾರೆ. ರಾತ್ರಿ ಮೂರು ಗಂಟೆಯಾದರೂ ಸರಿ, ಮೂವತ್ತನೆಯವರಾದರೂ ಸರಿ, ಜನ ಎದ್ದು ಬರುತ್ತಾರೆ.

ಗೆದ್ದವರು ಬಂದ ಕೂಡಲೇ ಸುದ್ದಿಯವರು ಮುಗಿಯಿತು ಅಂತ ಬರೆದುಬಿಡುತ್ತಾರೆ. ಮುಗಿದಿರುವುದಿಲ್ಲ. ಹಿಂದಿನ ಕಾಲದಲ್ಲಿ ಸ್ಲೆಡ್‌ಗಳಲ್ಲಿ ಅಂಚೆ, ಸಾಮಾನು ಸಾಗಿಸುತ್ತಿದ್ದಾಗ ದಾರಿಯ ಛತ್ರದವರು, ಯಾರೋ ಒಬ್ಬರು ಹೊರಟಿದ್ದಾರೆ ಅಂತ ತಿಳಿದರೆ, ಅವರು ತಲುಪುವ ತನಕ ಹೊರಗೆ ಲಾಟೀನು ಹಚ್ಚಿಡುತ್ತಿದ್ದರಂತೆ. ಅದರ ನೆನಪಿಗೆ ನೋಮ್‌ನ ಕಮಾನಿಗೂ ಒಂದು ದೀಪ ತೂಗುಹಾಕುತ್ತಾರೆ. ಕೊನೆಯ ಮಶರ್ ಬರುವ ತನಕ ಅದು ಉರಿಯುತ್ತಿರಬೇಕು. ಬಂದಮೇಲೆ ಅವರೇ ಅದನ್ನು ಆರಿಸುತ್ತಾರೆ. ಕೊನೆಯವರಿಗೆ ಕೊಡುವ ಬಹುಮಾನವೂ ಒಂದು ಕೆಂಪು ಲಾಟೀನು.

ಅಮ್ಮನಿಗೆ ಡಾಲಸ್ ಸೀವಿ ಯಾರು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಈ ದೀಪದ ವಿಷಯ ಮಾತ್ರ ಮರೆಯುವುದಿಲ್ಲ. ಅವರ ಊರಿನ ಮನೆಯಲ್ಲೂ ಅಜ್ಜ ಸಂತೆಯಿಂದ ಬರುವ ತನಕ ಜಗುಲಿಯ ಲಾಟೀನು ತೆಗೆಯುತ್ತಿರಲಿಲ್ಲವಂತೆ. ಹಾಗಾಗಿ ಗೆದ್ದವರ ಗಲಾಟೆ ಮುಗಿದು, ನಾನು ಆಫೀಸು ಅಡುಗೆ ಅಂತ ಓಡಾಡುತ್ತಿದ್ದಾಗ, ಸಂಜೆ ದೇವರ ಮನೆಯಿಂದ ಕೇಳುತ್ತಾರೆ. ಆರಿತಾ ಅಂತ ಕೇಳುವುದಿಲ್ಲ, ಆ ಮಾತನ್ನು ನಮ್ಮ ಮನೆಯಲ್ಲಿ ದೀಪಕ್ಕೆ ಆಡುವುದಿಲ್ಲ.

"ದೀಪ ಶಾಂತ ಆಯ್ತೇನೇ?"

ನಾನು ಫೋನ್ ತೆಗೆದು ನೋಡುತ್ತೇನೆ. ನಕ್ಷೆಯಲ್ಲಿ ಉಳಿದಿರುವುದು ಒಂದೇ ಚುಕ್ಕೆ. ವೈಟ್ ಮೌಂಟನ್‌ನಲ್ಲಿ ನಿಂತಿದೆ. ಹುಲ್ಲು ಹಾಸಿ, ಊಟ ಹಾಕಿ, ಕಾಲು ನೋಡಿ ಆಗಿರಬೇಕು.

"ಇಲ್ಲಮ್ಮ, ನಾಯಿಗಳು ಮಲಗಿವೆ. ಇನ್ನೂ ಮೂರು ಗಂಟೆ ಇದೆ ಹೊರಡೋಕೆ."

"ಮಲಗಲಿ ಬಿಡು," ಅನ್ನುತ್ತಾರೆ ಅಮ್ಮ.